ಉಗುರಿನಗಲದ ಅಂಚು

ಮಗಳು ಕೌದಿಯ ಹೊಲಿಗೆಯನ್ನು ಬ್ಲೇಡಿನಿಂದ ಸೀಳುತ್ತಿದ್ದಳು. ಪಕ್ಕದ ಕೋಣೆಯಲ್ಲಿ ಅಮ್ಮನ ಹೆಣವಿತ್ತು. ಅಮ್ಮ ಅಸ್ತರನ್ನೂ ಹಾಕದೆ ಅರೆಬರೆ ಬಿಟ್ಟುಹೋದ ಕೌದಿಯ ಎರಡು ಭಾಗಗಳನ್ನು ಜೋಡಿಸಿ, ಅದನ್ನೇ ಹೊದಿಸಿ ಕಳಿಸಬೇಕೆಂಬುದು ಅವಳ ಹಟ. ಎರಡರಲ್ಲೂ ಸಾಲಿಗೆ ಹನ್ನೆರಡೇ ತುಂಡು. ಆದರೂ ಒಂದು ಭಾಗ ಗೇಣುದ್ದ ಗಿಡ್ಡ. ಯಾಕೆಂದು ನೋಡಲೆಂದೇ ಹೊಲಿಗೆ ಬಿಚ್ಚುತ್ತಿದ್ದಳು.

"ಗಾಡಿ ಬಂದು ನಿಂತಿದೆ. ಆ ಚಿಂದಿ ಯಾಕೆ? ನೆಟ್ಟಗೆ ಒಂದು ಹೊಲಿಗೆ ಬರ್ತಿರ್ಲಿಲ್ಲ ಅವಳಿಗೆ," ಎಂದ ಅಪ್ಪ.

ಅಮ್ಮನಂತೆ ಮಗಳೂ ದರ್ಜಿಯೇ. ತುಂಡುಗಳೆಲ್ಲ ಒಂದೇ ಅಳತೆಗೆ ಕತ್ತರಿಸಿದವು. ಹೊಲಿಗೆಗೆಂದು ಬಿಟ್ಟ ಅಂಚು ಮಾತ್ರ ಉದ್ದದ ಭಾಗದಲ್ಲಿ ಕಿರಿದು, ಗಿಡ್ಡ ಭಾಗದಲ್ಲಿ ಅದರ ಒಂದೂವರೆ ಪಟ್ಟು.

*

ಅಮ್ಮ ಟೇಪು ಮುಟ್ಟಿದವಳಲ್ಲ. ಎಡಗೈ ಹೆಬ್ಬೆರಳ ಉಗುರಿನಗಲವೇ ಅವಳ ಅಂಚು. "ಟೇಪಾದ್ರೆ ಕಳೆದುಹೋಗತ್ತೆ, ಉಗುರು ಎಲ್ಲಿ ಹೋಗತ್ತೆ?" ಎಂದು ನಗುತ್ತಿದ್ದಳು. ಗಿರಾಕಿಗಳ ಅಂಗಿಗಳು ಬಿಗಿಯಾಗತೊಡಗಿದಾಗ ಮಗಳೇ ರೇಗಿದ್ದಳು: "ಕಣ್ಣು ಮಂಜಾಗಿದೆ ನಿಂಗೆ. ಇನ್ನು ಸೂಜಿ ಮುಟ್ಬೇಡ."

ಅಮ್ಮ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡಿದ್ದಳು. ಆಮೇಲೆ ಸೂಜಿ ಹಿಡಿಯಲೇ ಇಲ್ಲ.

*

ಮಗಳು ಕೌದಿಯೊಂದಿಗೆ ಪಕ್ಕದ ಕೋಣೆಗೆ ಎದ್ದುಹೋಗಿ, ಅಗಲದ ಅಂಚನ್ನು ಅಮ್ಮನ ಹೆಬ್ಬೆರಳಿಗೆ ಹಿಡಿದಳು. ಚಪ್ಪಟೆಯಾಗಿ ಹರಡಿದ ಆ ಉಗುರಿಗೂ ಅಂಚಿಗೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

"ಚಿಕ್ಕಮ್ಮಾ, ಇದು ಬಾಗಿಲಿಗೆ ಸಿಕ್ಕಿ ಜಜ್ಜಿದ್ದು ಅಂದಿದ್ರಲ್ಲ? ಒಂದೇ ಏಟಿಗೆ ಇಷ್ಟು ಹರಡತ್ತಾ?"

ತಲೆಯ ಬಳಿ ಕೂತಿದ್ದ ಅಮ್ಮನ ತಂಗಿ, ಬಾಗಿಲಲ್ಲಿ ನಿಂತಿದ್ದ ಅಪ್ಪನ ಮುಖವನ್ನೇ ದಿಟ್ಟಿಸಿದಳು. "ಇನ್ನು ಯಾರಿಗೆ ಹೆದರ್ಲಿ ಕಣೇ? ನಿಮ್ಮಪ್ಪನೇ ಇಸ್ತ್ರಿಪೆಟ್ಟಿಗೆ ಎತ್ತಿ ಕುಕ್ಕಿದ. ಒಂದ್ಸಲ ಅಲ್ಲ, ಮೂರು ಸಲ. ಊಟಕ್ಕೆ ಬಡಿಸು ಅಂದಾಗ, ಈ ಸಾಲು ಮುಗಿಸಿ ಬಂದೆ ಅಂದಿದ್ದಕ್ಕೆ."

"ಸಾವಿನ ಮನೇಲಿ ಏನೇ ಅದು ಬಾಯಿ!" ಅಪ್ಪ ನುಗ್ಗಿಬಂದು ಕೌದಿಗೆ ಕೈಹಾಕಿ ಜಗ್ಗಿದ. ಹಳೆಯ ಬಟ್ಟೆ ಪರ್ರನೆ ಹರಿಯಿತು.

ಮಗಳು ಮೂಲೆಯಲ್ಲಿದ್ದ ತನ್ನ ಮರದ ಅಳತೆಕೋಲೆತ್ತಿ ಅವನ ಬೆರಳುಗಳ ಮೇಲೆ ಬಾರಿಸಿದಳು. ಅಪ್ಪ ಅರಚಿಕೊಂಡ. ತಡೆಯಲು ಎದ್ದ ನೆಂಟನನ್ನು ಚಿಕ್ಕಮ್ಮ ತೋಳು ಹಿಡಿದು ಕೂರಿಸಿದಳು. ಎರಡನೆಯ ಏಟಿಗೆ ಕೋಲೇ ಮುರಿಯಿತು.

"ಮಂಜಾಗಿದ್ದು ನನ್ನ ಕಣ್ಣಮ್ಮ," ಎಂದು ಮಗಳು ಹೆಣದ ಪಕ್ಕದಲ್ಲೇ ಕೂತು ಬಿಕ್ಕಿದಳು. ಆಮೇಲೆ ಸೂಜಿಗೆ ದಾರ ಪೋಣಿಸಿ, ಹರಿದದ್ದನ್ನು ಹೊಲಿದು, ಗಿಡ್ಡ ಭಾಗವನ್ನು ಎಳೆಯದೆ, ಉದ್ದದ್ದನ್ನು ಕತ್ತರಿಸದೆ ಇದ್ದಂತೆಯೇ ಜೋಡಿಸಿದಳು. ಗಾಡಿಯವನು ಕಾದ.

ಹೊದಿಸುವಾಗ ಕೌದಿಯನ್ನು ಮಗುಚಿ ಹಾಕಿದಳು. ಒಳಗಿನ ಅಂಚುಗಳೆಲ್ಲ ಮೇಲಾದವು. ಬಾತ ಕೈಯನ್ನು ಕಂಕುಳಲ್ಲಿ ಅವುಚಿಕೊಂಡು ಅಪ್ಪ ಗೋಡೆಗೆ ಒರಗಿದ್ದ. ಅವನೆದುರಿಗೇ ಅಮ್ಮನನ್ನು ಎತ್ತಿದರು. ಅಗಲದ ಅಂಚುಗಳ ಮೇಲೆ ಅವಳ ಎಡಗೈ ಇತ್ತು, ಹೆಬ್ಬೆರಳು ಬಿಚ್ಚಿಕೊಂಡಿತ್ತು.