ಅಣಬೆಯಕ್ಕ ಕೊಟ್ಟ ಸಲಹೆ

ಮನೆಯ ಹಿಂದಿನ ಕೋಣೆಯಲ್ಲಿ ಅಣ್ಣ ತಂಗಿ ಸೇರಿ ಚಿಪ್ಪಣಬೆ ಬೆಳೆಯುತ್ತಿದ್ದರು. ಹುಲ್ಲನ್ನು ಬಿಸಿನೀರಿನಲ್ಲಿ ನೆನೆಹಾಕಿ, ಹಿಂಡಿ, ಬೀಜ ಬೆರೆಸಿ ಚೀಲಕ್ಕೆ ತುಂಬುವುದು ಅಣ್ಣನ ಕೆಲಸ. ಕೊಯ್ದು ಬುಟ್ಟಿಗೆ ಹಾಕಿ ಬೀದಿಬಾಗಿಲಲ್ಲಿ ಕೂತು ಮಾರುವುದು ತಂಗಿಯ ಕೆಲಸ. ಮಾರುವುದೆಂದರೆ ಕಾಲು ಪಾಲು ಅಣಬೆ, ಮುಕ್ಕಾಲು ಪಾಲು ಮಾತು. ಬೀದಿಯಲ್ಲಿ ತಲೆ ನರೆತವರೂ ಅವಳನ್ನು ಅಣಬೆಯಕ್ಕ ಎಂದೇ ಕರೆಯುತ್ತಿದ್ದರು, ಅವಳು ಅದನ್ನು ಬಿರುದಿನಂತೆ ಧರಿಸಿಕೊಂಡಿದ್ದಳು.

ಹೋದ ವರ್ಷ ಅಣ್ಣನ ರಕ್ತದಲ್ಲಿ ಕೊಲೆಸ್ಟ್ರಾಲ್ ಮಿತಿಮೀರಿದೆ ಎಂದು ತಿಳಿದಾಗ ಅವಳ ಜೀವ ಬಾಯಿಗೆ ಬಂತು. ಅವರಪ್ಪ ಐವತ್ತು ದಾಟುವ ಮೊದಲೇ ಎದೆ ಹಿಡಿದುಕೊಂಡು ಕುಸಿದವರು. ಅಣಬೆ ತಿಂದರೆ ಕೊಬ್ಬು ಇಳಿಯುತ್ತದೆ ಎಂದು ಅವಳು ಎಲ್ಲೋ ಓದಿದ್ದಳು. ಅಂದೇ ಮಾಂಸ, ಬೆಣ್ಣೆಗಳನ್ನು ಅಡುಗೆಮನೆಯಿಂದ ಗಡೀಪಾರು ಮಾಡಿದಳು. ಬೇಯಿಸಿದ ಅಣಬೆ, ಹುರಿದ ಅಣಬೆ, ಅಣಬೆ ಸೂಪು. ಅಣ್ಣ ಬಾಯಿ ಮುಚ್ಚಿಕೊಂಡು ತಿಂದ. ಮೂರು ತಿಂಗಳಿಗೆ ಬಂದ ವರದಿಯಲ್ಲಿ ಕೊಲೆಸ್ಟ್ರಾಲ್ ಸರಸರ ಇಳಿದಿತ್ತು.

ಅವಳಿಗೆ ಕೋಡು ಮೂಡಿದ್ದು ಆಗಲೇ. ವರದಿಯನ್ನು ಬುಟ್ಟಿಯ ಪಕ್ಕದಲ್ಲೇ ಇಟ್ಟುಕೊಂಡು, ಕೇಳಿದವರಿಗೂ ಕೇಳದವರಿಗೂ ತೋರಿಸತೊಡಗಿದಳು.

ಎದುರು ಮನೆಯ ದರ್ಜಿ ಅದನ್ನು ಎರಡು ಸಲ ಓದಿದರು. ಕೊರಳಲ್ಲಿ ಸದಾ ಅಳತೆಪಟ್ಟಿ ನೇತಾಡಿಸಿಕೊಂಡಿರುತ್ತಿದ್ದ ಮೃದು ಮನುಷ್ಯ. ಅವರಿಗೂ ಅದೇ ಕಾಯಿಲೆ, ಮಾತ್ರೆ ನುಂಗಿದರೆ ಮೀನಖಂಡ ಸೆಳೆತ, ಹೊಲಿಗೆ ಯಂತ್ರ ತುಳಿಯುವುದೇ ಕಷ್ಟ.

"ನಿಮ್ಮಣ್ಣ ಮಾತ್ರೆ ಏನೂ ತಗೊಳ್ಳಲ್ವಾ?"

"ಒಂದೂ ಇಲ್ಲ. ಬರೀ ನಮ್ಮ ಅಣಬೆ."

"ಹಾಗಾದ್ರೆ ನಾನೂ ಬಿಟ್ಟುಬಿಡ್ಲಾ?"

"ಬಿಟ್ಟು ನೋಡಿ. ನಮ್ಮಣ್ಣನ್ನ ಕಣ್ಮುಂದೆ ನೋಡ್ತಾ ಇದ್ದೀರಲ್ಲ."

ಇಷ್ಟೇ ಮಾತು. ಇಷ್ಟು ಹೇಳುವುದಕ್ಕೆ ಅವಳು ಅರೆಗಳಿಗೆ ಕೂಡ ಯೋಚಿಸಲಿಲ್ಲ.

ಐದು ತಿಂಗಳು ದರ್ಜಿ ತಪ್ಪದೆ ಅಣಬೆ ಒಯ್ದರು. ಕಾಲು ಹಗುರಾಗಿದೆ ಎಂದು ಹಿಗ್ಗುತ್ತಿದ್ದರು. ಒಂದು ಬೆಳಿಗ್ಗೆ ಅರ್ಧ ಹೊಲಿದ ಅಂಗಿಯ ತೋಳಿನ ಮೇಲೆ ತಲೆಯಿಟ್ಟು ಹಾಗೇ ಹೋಗಿಬಿಟ್ಟರು. ಹೃದಯಾಘಾತ ಎಂದರು ಡಾಕ್ಟರು.

ಮಣ್ಣು ಮುಗಿಸಿ ಬಂದ ಅಣಬೆಯಕ್ಕ ಹಿಂದಿನ ಕೋಣೆಯ ಬಾಗಿಲಲ್ಲೇ ಕುಸಿದು ಕೂತಳು. "ಮಾತ್ರೆ ಬಿಟ್ಟು ದಿನಾ ತಿಂತಿದ್ರು ಕಣೋ. ನಿನಗೆ ಹಿಡಿದದ್ದು ಅವರಿಗ್ಯಾಕೆ ಹಿಡೀಲಿಲ್ಲ?"

ಅಣ್ಣ ಒದ್ದೆ ಹುಲ್ಲಿನೊಳಗಿದ್ದ ಕೈಯನ್ನು ಹೊರತೆಗೆದು ಒರೆಸಿಕೊಂಡ. ಆಮೇಲೆ ಎದ್ದು, ಬೀಜದ ಬಾಟಲಿಗಳ ಹಿಂದಿನಿಂದ ಒಂದು ಮಾತ್ರೆ ಪಟ್ಟಿ ತೆಗೆದು ಅವಳ ಮುಂದಿಟ್ಟ.

"ಡಾಕ್ಟರು ಮೊದಲ ದಿನವೇ ಬರೆದುಕೊಟ್ಟಿದ್ರು. ದಿನಾ ತಗೊಳ್ತಿದ್ದೀನಿ. ನೀನು ಅಷ್ಟು ಆಸೆಯಿಂದ ಮಾಡಿ ಹಾಕ್ತಿದ್ದೆ, ಹೇಳೋಕೆ ಮನಸ್ಸಾಗ್ಲಿಲ್ಲ."

"ಅಣಬೆಯಿಂದ ಏನೂ ಆಗಿಲ್ವಾ ಹಾಗಾದ್ರೆ?"

"ಒಂಚೂರು ಆಗುತ್ತಂತೆ. ಮಾಂಸದ ಬದಲು ತಿಂದ್ರೆ ಒಳ್ಳೇದೇ ಅಂದ್ರು. ಆದ್ರೆ ನಮ್ಮಂಥವರಿಗೆ ಅದೊಂದೇ ಸಾಲಲ್ಲ ಅಂದ್ರು. ದರ್ಜಿಯವರು ಮಾತ್ರೆ ಬಿಟ್ಟಿದ್ದು ನಂಗೆ ಗೊತ್ತಿರ್ಲಿಲ್ಲ, ತಾಯಾಣೆ."

ಅವಳಿಗೆ ಅವನ ಮೇಲೆ ಸಿಟ್ಟು ಮಾಡಿಕೊಳ್ಳಬೇಕು ಅನ್ನಿಸಿತು, ಆಗಲಿಲ್ಲ. ತಂಗಿಯ ಮನಸ್ಸು ನೋಯಬಾರದೆಂದು ಬಾಯಿ ಮುಚ್ಚಿಕೊಂಡವನನ್ನು ಬೈಯುವುದಾದರೂ ಹೇಗೆ? ಬಾಯಿ ಬಿಟ್ಟವಳು ತಾನಲ್ಲವೇ?

ವಾರ ಕಳೆದ ಮೇಲೆ ದರ್ಜಿಯ ಹೆಂಡತಿ ಬುಟ್ಟಿಯ ಮುಂದೆ ಬಂದು ನಿಂತರು.

"ಅರ್ಧ ಕೆಜಿ ಕೊಡವ್ವ. ನಂಗೂ ಕೊಲೆಸ್ಟ್ರಾಲ್ ಇದೆ. ಅವರ ಜೊತೆಗೇ ನಾನೂ ಮಾತ್ರೆ ಬಿಟ್ಟೆ. ಅವರ ಹೊತ್ತು ಬಂದಿತ್ತು, ಹೋದ್ರು. ಇಷ್ಟು ದಿನ ಇದ್ದದ್ದೇ ನಿನ್ನ ಅಣಬೆಯಿಂದ."

ಅಣಬೆ ತೂಗಿ ಕೊಟ್ಟಿದ್ದರೆ ಅಲ್ಲಿಗೆ ಎಲ್ಲ ಮುಚ್ಚಿಹೋಗುತ್ತಿತ್ತು. ಸತ್ತವರಂತೂ ಬಂದು ಕೇಳುವುದಿಲ್ಲ. ಅವಳ ಕೈ ತಕ್ಕಡಿಯವರೆಗೂ ಹೋಯಿತು, ಅಲ್ಲೇ ನಿಂತಿತು. ಅಣ್ಣ ಮಾತ್ರೆ ತಗೊಳ್ಳುತ್ತಿದ್ದದ್ದು, ತಾನು ತಿಳಿಯದೆ ದರ್ಜಿಗೆ ಬಿಡಲು ಹೇಳಿದ್ದು, ಎಲ್ಲವನ್ನೂ ತಲೆ ತಗ್ಗಿಸಿಕೊಂಡು ಹೇಳಿಬಿಟ್ಟಳು.

"ಮಾತ್ರೆ ತಗೊಂಡಿದ್ರೆ ಬದುಕ್ತಿದ್ರಾ?"

"ಗೊತ್ತಿಲ್ಲಮ್ಮ. ಬದುಕ್ತಿದ್ರೇನೋ. ನೀವಾದ್ರೂ ಇವತ್ತಿಂದ್ಲೇ ತಗೊಳ್ಳಿ."

ಆಕೆ ಬುಟ್ಟಿಯಿಂದ ಹಿಂದೆ ಸರಿದರು. "ಅವತ್ತು ನೀನು ಹೇಳ್ದೆ ಅಂತ ಬಿಟ್ವಿ. ಇವತ್ತು ನೀನು ಹೇಳ್ತೀಯ ಅಂತ ತಗೋಬೇಕಾ?"

ಅಷ್ಟು ಹೇಳಿ ಬೀದಿ ದಾಟಿ ಬಾಗಿಲು ಹಾಕಿಕೊಂಡರು.

ಅಣಬೆಯಕ್ಕ ಹಿಂದೆಯೇ ಹೋಗಿ ಮುಚ್ಚಿದ ಬಾಗಿಲಿಗೆ ಹೇಳಿದಳು: "ನನ್ನ ನಂಬಬೇಡಿ. ಡಾಕ್ಟರನ್ನ ಕೇಳಿ. ನೀವು ಹೊರಡೋವರೆಗೂ ಇಲ್ಲಿಂದ ಏಳಲ್ಲ." ಮೆಟ್ಟಿಲ ಮೇಲೆ ಕೂತಳು. ಬುಟ್ಟಿಯಲ್ಲಿದ್ದ ಅಣಬೆ ಬಿಸಿಲಿಗೆ ಬಾಡಿತು. ಹೋಗುವವರು ಬರುವವರು ಏನಾಯಿತೆಂದು ಕೇಳಿದರು. ಕೇಳಿದ ಪ್ರತಿಯೊಬ್ಬರಿಗೂ ತಾನು ಮಾಡಿದ್ದನ್ನು ಹೇಳಿದಳು, ಯಾರೂ ಮಾತ್ರೆ ಬಿಡಬೇಡಿ ಎಂದೂ ಹೇಳಿದಳು. ಕೆಲವರು ಲೊಚಗುಟ್ಟಿದರು. ಒಬ್ಬಾಕೆ, "ಎದ್ದು ಹೋಗಮ್ಮ, ನಾಚಿಕೆ ಇಲ್ವಾ?" ಎಂದಳು. ಅವಳು ಏಳಲಿಲ್ಲ.

ಸಂಜೆಯ ಹೊತ್ತಿಗೆ ಬಾಗಿಲು ತೆರೆಯಿತು. ದರ್ಜಿಯ ಹೆಂಡತಿ ಚಪ್ಪಲಿ ಮೆಟ್ಟಿಕೊಂಡು, ಹಳೆಯ ಚೀಟಿಗಳ ಚೀಲ ಹಿಡಿದು ನಿಂತಿದ್ದರು. ಅತ್ತು ಅತ್ತು ಕಣ್ಣು ಬಾತಿತ್ತು.

"ನಾನು ಹೋಗಿ ಮಾತ್ರೆ ತಗೊಂಡ್ರೆ ಅವರು ವಾಪಸ್ ಬರಲ್ಲ ತಾನೆ?"

"ಬರಲ್ಲಮ್ಮ."

"ಸರಿ, ಏಳು. ಡಾಕ್ಟರು ಹೊರಟುಬಿಡ್ತಾರೆ."

ಅಣಬೆಯಕ್ಕ ಎದ್ದು ಕೈ ಚಾಚಿದಳು. ಆಕೆ ಅದನ್ನು ಹಿಡಿಯಲಿಲ್ಲ. ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದರು.