ತಂಗಿ ಕೊಡದ ಡ್ರಾ

ಗ್ರ್ಯಾಂಡ್‌ಮಾಸ್ಟರ್ ಪಟ್ಟಕ್ಕೆ ನನಗೆ ಬೇಕಿದ್ದದ್ದು ಅರ್ಧ ಅಂಕ, ಅಂದರೆ ಒಂದೇ ಒಂದು ಡ್ರಾ. ಕೊನೆಯ ಸುತ್ತಿನಲ್ಲಿ ಎದುರಾದವಳು ನನ್ನ ಸ್ವಂತ ತಂಗಿ. ಅವಳೂ ನನ್ನಂತೆ ಮಾಸ್ಟರ್. ಚದುರಂಗದಲ್ಲಿ ಕುದುರೆ ಹೇಗೆ ಹಾರುತ್ತದೆಂದು ಅವಳಿಗೆ ಕಲಿಸಿದವಳೇ ನಾನು. ಜೋಡಿಗಳ ಪಟ್ಟಿ ನೋಡಿದವರೆಲ್ಲ ಮುಸಿಮುಸಿ ನಕ್ಕರು.

"ಇನ್ನೇನು, ಮನೆ ಆಟ. ಹತ್ತು ನಿಮಿಷದಲ್ಲಿ ಕೈ ಕುಲುಕಿ ಊಟಕ್ಕೆ ಹೋಗ್ತಾರೆ ನೋಡಿ," ಎಂದ ಒಬ್ಬ ಆಟಗಾರ, ನನಗೆ ಕೇಳಿಸುವ ಹಾಗೆಯೇ. ಸುಳ್ಳೇಕೆ ಹೇಳಲಿ, ನಾನು ಅಂದುಕೊಂಡಿದ್ದೂ ಅದನ್ನೇ.

ಹನ್ನೆರಡನೆಯ ನಡೆ ಆಡಿ, "ಡ್ರಾ?" ಎಂದೆ. ಅವಳು ತಲೆ ಎತ್ತಲಿಲ್ಲ. ಒಂಟೆಯನ್ನು ತಂದು ನನ್ನ ರಾಜನತ್ತ ಗುರಿಯಿಟ್ಟಳು. ಬೇಡ ಎಂದು ಅರ್ಥ. ನನಗೆ ಮೈಯೆಲ್ಲ ಉರಿದುಹೋಯಿತು. ನಾನು ಎತ್ತಿ ಆಡಿಸಿದ ಕೂಸೇ ನನಗೆ ಬತ್ತಿ ಇಡುತ್ತಿದೆಯಲ್ಲ!

ಆ ಸಿಟ್ಟಿನಲ್ಲೇ ಒಂದು ಕಾಲಾಳು ಕಳೆದುಕೊಂಡೆ. ಆಮೇಲೆ ಬುದ್ಧಿ ಬಂತು. ಕೊಡದಿದ್ದರೆ ಬೇಡ, ಕಿತ್ತುಕೊಳ್ಳುತ್ತೇನೆ ಎಂದು ಹಲ್ಲು ಕಚ್ಚಿ ಕುಳಿತೆ. ಅಕ್ಕಪಕ್ಕದ ಮೇಜುಗಳು ಒಂದೊಂದಾಗಿ ಖಾಲಿಯಾದವು. ನೀರಿನ ಬಾಟಲಿ ಬರಿದಾಯಿತು. ಮಂತ್ರಿಗಳು ಹೋದರು, ಆನೆಗಳು ಹೋದವು.

ಐದು ಗಂಟೆಯ ಆಟದ ಬಳಿಕ ಉಳಿದದ್ದು ನನ್ನ ಒಂಟಿ ರಾಜ, ಅವಳ ರಾಜ, ಅವಳದೊಂದು ಕಾಲಾಳು. ಅದು ನನ್ನ ಕಡೆಯ ಕೊನೆಯ ಸಾಲು ಮುಟ್ಟಿದರೆ ಮಂತ್ರಿಯಾಗುತ್ತದೆ, ನನ್ನ ಪಟ್ಟಕ್ಕೆ ಎಳ್ಳುನೀರು. ಅವಳ ರಾಜ ಎಡಕ್ಕೆ ಬಂದರೆ ನಾನೂ ಎಡಕ್ಕೆ, ಬಲಕ್ಕೆ ಬಂದರೆ ನಾನೂ ಬಲಕ್ಕೆ. ಒಂದು ಹೆಜ್ಜೆ ತಪ್ಪಿದರೂ ಸೋಲು. ತಪ್ಪಲಿಲ್ಲ. ಕೊನೆಗೆ ಅವಳು ಪಕ್ಕಕ್ಕೆ ಸರಿಯಲೇಬೇಕಾಯಿತು. ನಾನು ಕಾಲಾಳನ್ನು ಹೊಡೆದೆ. ಹಲಗೆಯ ಮೇಲೆ ಇಬ್ಬರು ರಾಜರು ಮಾತ್ರ.

"ಡ್ರಾ," ಎಂದರು ತೀರ್ಪುಗಾರರು. ಬೆಳಿಗ್ಗೆ ಊಟದ ಮಾತಾಡಿದ್ದವನೂ ಚಪ್ಪಾಳೆ ತಟ್ಟಿದ.

ಪಟ್ಟ ಸಿಕ್ಕರೂ ನನ್ನ ಸಿಟ್ಟು ಇಳಿದಿರಲಿಲ್ಲ. "ಆಗಲೇ ಒಪ್ಕೊಂಡಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ಚಿಕ್ಕೋಳಿದ್ದಾಗ ನಾನು ಅಳ್ತೀನಿ ಅಂತ ನೀನು ಬೇಕಂತ್ಲೇ ಡ್ರಾ ಮಾಡ್ತಿದ್ದೆ. ನಂಗೆ ಗೊತ್ತಾಗ್ತಿತ್ತು ಅಕ್ಕ," ಎಂದಳು ತಂಗಿ. "ಸೋತಿದ್ರೂ ಅಷ್ಟು ಅವಮಾನ ಆಗ್ತಿರ್ಲಿಲ್ಲ."

ಅವಳು ಫಲಿತಾಂಶದ ಹಾಳೆಗೆ ಸಹಿ ಹಾಕಿದಳು. ಐದು ಗಂಟೆ ಎದುರಿಗೇ ಕುಳಿತಿದ್ದರೂ ನಾನು ಅವಳ ಮುಖ ನೋಡಿದ್ದು ಆಗಲೇ.

"ನಡಿ ಅಕ್ಕ," ಎಂದಳು, ಪೆನ್ನು ನನ್ನ ಕಡೆ ಚಾಚಿ, "ಈಗ ಊಟಕ್ಕೆ ಹೋಗೋಣ."