ಇಲಿಗೆ ರಾಹುಕಾಲವಿಲ್ಲ

ನನ್ನ ಕೆಲಸ ಏನೆಂದು ನಮ್ಮ ಮನೆಯವರಿಗೆ ತಿಳಿಸುವುದಕ್ಕಿಂತ ಇಲಿಗೆ ತಿಳಿಸುವುದು ಸುಲಭ. ಇಲಿ ಅರ್ಥ ಮಾಡಿಕೊಳ್ಳದಿದ್ದರೂ ಊರೆಲ್ಲ ಡಂಗುರ ಸಾರುವುದಿಲ್ಲ.

ಸೋಂಪುರ ಇಂಡಸ್ಟ್ರಿಯಲ್ ಏರಿಯಾದ ಒಂದು ಸಂಶೋಧನಾ ಲ್ಯಾಬಿನಲ್ಲಿ ನನ್ನ ಕೆಲಸ. ಮಿದುಳಿನ ರಕ್ತನಾಳ ಕಟ್ಟಿಕೊಂಡು ಲಕ್ವ ಹೊಡೆಯುತ್ತದಲ್ಲ, ಅದಕ್ಕೆ ಮೈಕ್ರೋ ಆರ್‌ಎನ್‌ಎ ಚಿಕಿತ್ಸೆ ಆಗುತ್ತದೆಯೇ ಎಂದು ಇಲಿಗಳಲ್ಲಿ ನೋಡುತ್ತಿದ್ದೇವೆ. ಮೈಕ್ರೋ ಆರ್‌ಎನ್‌ಎ ಅಂದರೆ ಜೀವಕೋಶದೊಳಗಿನ ಪುಟಾಣಿ ಎಳೆ. ಯಾವ ಪ್ರೋಟೀನು ಎಷ್ಟು ತಯಾರಾಗಬೇಕು ಎನ್ನುವುದಕ್ಕೆ ಅದು ಕಡಿವಾಣ. ಲಕ್ವ ಹೊಡೆದಾಗ ಇಂಥ ಕೆಲವು ಎಳೆಗಳು ವಿಪರೀತ ಹೆಚ್ಚಿ, ಬದುಕಬಹುದಾಗಿದ್ದ ಕೋಶಗಳನ್ನೂ ಕೆಡಿಸುತ್ತವೆ. ಅವುಗಳಲ್ಲೊಂದನ್ನು ಕಟ್ಟಿಹಾಕುವ ಎದುರೆಳೆಯನ್ನು ನಾವು ಕೊಡುತ್ತೇವೆ. ಆಗ ಇಲಿಯ ಮಿದುಳಿನಲ್ಲಿ ಕೆಟ್ಟ ಭಾಗ ಸ್ವಲ್ಪ ಚಿಕ್ಕದಾಗುತ್ತದೆ. ಇಲಿಯ ಮಿದುಳಿನಲ್ಲಿ. ಈ ‘ಇಲಿ’ ಅನ್ನುವುದನ್ನು ಹೇಳಿ ಹೇಳಿ ನನ್ನ ಬಾಯಿ ಸವೆದುಹೋಗಿದೆ.

ಇಷ್ಟೂ ಬಿಡಿಸಿ ಹೇಳಿದ ಮೇಲೆ ದೊಡ್ಡಬಳ್ಳಾಪುರದಲ್ಲಿ ಮಗ್ಗ ಓಡಿಸುವ ನಮ್ಮ ದೊಡ್ಡಪ್ಪ ನರಸಿಂಹಯ್ಯ ಕೇಳಿದ್ದು ಒಂದೇ ಪ್ರಶ್ನೆ.

“ಅಲ್ಲಮ್ಮಾ ಮಾನಸ, ಇಲಿಗೆ ಲಕ್ವ ಎಲ್ಲಿಂದ ಬರುತ್ತೆ?”

“ನಾವೇ ಬರಿಸ್ತೀವಿ ದೊಡ್ಡಪ್ಪ. ಪ್ರಜ್ಞೆ ತಪ್ಪಿಸೋ ಔಷಧಿ ಕೊಟ್ಟು, ಕತ್ತಿನ ಹತ್ರ ಸಣ್ಣದೊಂದು ನೈಲಾನ್ ಎಳೆ ತೂರಿಸಿ ರಕ್ತನಾಳ ಕಟ್ತೀವಿ.”

“ಎಳೆಯಾ? ಹಂಗಾದ್ರೆ ನಮ್ಮ ಕಸುಬೇ ಅನ್ನು!”

ಅಲ್ಲಿಗೆ ಮುಗಿಯಿತು. ಟೀ ಅಂಗಡಿ, ನೂಲಿನ ಅಂಗಡಿ, ಕ್ಷೌರದಂಗಡಿ, ಎಲ್ಲ ಕಡೆ ಒಂದೇ ಸುದ್ದಿ: ನರಸಿಂಹಯ್ಯನ ತಮ್ಮನ ಮಗಳು ಲಕ್ವಕ್ಕೆ ಮದ್ದು ಮಾಡಿದ್ದಾಳೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಯಾರೂ ‘ಇಲಿಗೆ’ ಅನ್ನುವುದನ್ನು ಸೇರಿಸಲಿಲ್ಲ. ನಾನು ಫೋನಿನಲ್ಲಿ ರೇಗಿದೆ, ಹಬ್ಬಕ್ಕೆ ಹೋದಾಗ ರೇಗಿದೆ. ದೊಡ್ಡಪ್ಪ ಮಾತ್ರ ಬಿ.ಪಿ. ಮಾತ್ರೆಯನ್ನೂ ಬಿಟ್ಟ. ಯಾಕೆಂದು ಕೇಳಿದರೆ, “ನೀನಿದೀಯಲ್ಲ” ಎಂದು ನಕ್ಕ. ಗೋರ್ಕಲ್ಲ ಮೇಲೆ ಮಳೆ ಸುರಿದಂತೆ.

ನಮ್ಮ ಮನೆಯಲ್ಲಿ ರೇಗುವುದು ಅಂದರೆ ದೊಡ್ಡ ವಿಷಯವೇನಲ್ಲ. ಪವರ್‌ಲೂಮಿನ ಸದ್ದಿನಲ್ಲಿ ಹುಟ್ಟಿ ಬೆಳೆದವರು ನಾವು. ಉಪ್ಪು ಕೊಡು ಅನ್ನುವುದನ್ನೂ ಕೂಗಿಯೇ ಹೇಳುತ್ತೇವೆ. ಯಾರಾದರೂ ಮೆತ್ತಗೆ ಮಾತಾಡಿದರೆ, ಏನೋ ಕೆಟ್ಟ ಸುದ್ದಿ ತಂದಿದ್ದಾರೆಂದು ಎದೆ ಧಸಕ್ಕೆನ್ನುತ್ತದೆ.

ಆ ಸೋಮವಾರ ಬೆಳಿಗ್ಗೆ ಹತ್ತು ದಾಟಿತ್ತು. ಲ್ಯಾಬಿನ ಗೇಟಿನಿಂದ ಸೆಕ್ಯುರಿಟಿ ಪಿಳ್ಳಣ್ಣ ಫೋನ್ ಮಾಡಿದ.

“ಮೇಡಂ, ಯಾರೋ ಪೇಷೆಂಟ್ ಕರ್ಕೊಂಡ್ ಬಂದವ್ರೆ. ನಿಮ್ ತಾವ ಮದ್ದೈತಂತೆ.”

ಗವನು, ಟೋಪಿ, ಮಾಸ್ಕಿನಲ್ಲೇ ಓಡಿದೆ. ಗೇಟಿನಲ್ಲಿ ನಮ್ಮ ನಂದಣ್ಣನ ಓಮ್ನಿ ನಿಂತಿತ್ತು. ನಂದಕುಮಾರ್ ಅಂದರೆ ದೊಡ್ಡಪ್ಪನ ಮಗ. ಹಿಂದಿನ ಸೀಟಿನಲ್ಲಿ ದೊಡ್ಡಮ್ಮ ಭಾಗ್ಯಮ್ಮ, ಅವಳ ತೊಡೆಯ ಮೇಲೆ ದೊಡ್ಡಪ್ಪನ ತಲೆ. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ಬಲಗೈ ಸೀಟಿನಿಂದ ಕೆಳಗೆ ಜೋತುಬಿದ್ದಿತ್ತು. ನನ್ನನ್ನು ನೋಡಿ ಅವನ ಒಂದು ಕಣ್ಣು ಮಾತ್ರ ಅರಳಿತು.

“ಬೇಗ ತಗೊಂಬಾರೆ ಮದ್ದು!” ದೊಡ್ಡಮ್ಮ ಕೂಗಿದಳು. “ಪಕ್ಕದ್ಮನೆ ಮುನಿಲಕ್ಷ್ಮಮ್ಮ ಪಾರಿವಾಳ ಹಿಡ್ಕೊಂಡ್ ಬಂದಿದ್ಲು, ರಕ್ತ ಹಚ್ತೀನಿ ಅಂತ. ಓದಿರೋರ ಮನೆ ಕಣಮ್ಮ ನಮ್ದು, ಅದೆಲ್ಲ ಬೇಡ, ಮಾನಸನ ತಾವ್ಕೇ ಹೋಗ್ತೀವಿ ಅಂತ ಬಂದ್ಬಿಟ್ಟೆ.”

ಅವಳ ಮುಖದಲ್ಲಿ ಆ ಗಾಬರಿಯಲ್ಲೂ ಒಂದು ಹೆಮ್ಮೆಯಿತ್ತು. ನನಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ದಾರಿಯುದ್ದಕ್ಕೂ ಬಂದ ಆಸ್ಪತ್ರೆಗಳನ್ನೆಲ್ಲ ಹಿಂದೆ ಹಾಕಿ, ಇಲಿ ಸಾಕುವ ಕಟ್ಟಡಕ್ಕೆ ರೋಗಿಯನ್ನು ತಂದಿದ್ದರು!

“ಇಲ್ಲಿರೋದು ಇಲಿಗೆ ದೊಡ್ಡಮ್ಮಾ! ಮನುಷ್ಯರಿಗೆ ಕೊಟ್ಟೇ ಇಲ್ಲ! ಹೆಪ್ಪು ಕರಗಿಸೋ ಇಂಜೆಕ್ಷನ್ ಆಸ್ಪತ್ರೇಲಿ ಕೊಡ್ತಾರೆ, ನಾಲ್ಕೂವರೆ ಗಂಟೆಯೊಳಗೆ ಕೊಡ್ಬೇಕು. ಎಷ್ಟೊತ್ತಿಗಾಯ್ತು?”

“ಈಗ್ತಾನೆ. ಒಂಬತ್ತಕ್ಕೆ.”

ನಂದಣ್ಣ ಏನೋ ಹೇಳಲು ಬಾಯಿ ತೆರೆದು, ಕನ್ನಡಿಯಲ್ಲಿ ಅಮ್ಮನ ಮುಖ ನೋಡಿ ಗಾಡಿ ಸ್ಟಾರ್ಟ್ ಮಾಡಿದ. ಗವನಿನಲ್ಲೇ ನಾನೂ ಹತ್ತಿ ಕೂತೆ. ನೆಲಮಂಗಲದ ಕಡೆಗೆ ಹೈವೇಯಲ್ಲಿ ಹೋಗುತ್ತ ಆಸ್ಪತ್ರೆಗೆ ಫೋನ್ ಮಾಡಿ, ಸ್ಕ್ಯಾನಿಂಗ್ ಸಿದ್ಧವಿಡಲು ಹೇಳಿದೆ. ದಾರಿಯಲ್ಲಿ ದೊಡ್ಡಮ್ಮ ಮತ್ತೆ ಮತ್ತೆ ಕೇಳಿದಳು: “ಒಂದ್ ತೊಟ್ಟಾದ್ರೂ ತರ್ಬಾರ್ದಾಗಿತ್ತೇನೆ?”

ಸ್ಕ್ಯಾನ್ ಆಯಿತು. ಮಿದುಳಿನಲ್ಲಿ ರಕ್ತ ಸೋರಿರಲಿಲ್ಲ, ನಾಳ ಕಟ್ಟಿತ್ತು. ಅಲ್ಲಿದ್ದ ಡಾಕ್ಟರು ನನ್ನ ವಯಸ್ಸಿನ ಹುಡುಗಿ. ಎಷ್ಟು ಹೊತ್ತಿಗಾಯಿತೆಂದು ಅವಳೂ ಕೇಳಿದಳು. ದೊಡ್ಡಮ್ಮ ಒಂಬತ್ತು ಎಂದಳು. “ಹಾಗಾದ್ರೆ ಟೈಮಿದೆ. ಬಿ.ಪಿ. ತುಂಬಾ ಜಾಸ್ತಿ ಇದೆ, ಮೊದಲು ನಿಧಾನವಾಗಿ ಇಳಿಸೋಣ” ಎಂದು ಡಾಕ್ಟರು ಹೊರಟಳು.

ನಾನು ದೊಡ್ಡಪ್ಪನ ಪಕ್ಕ ನಿಂತೆ. ಆಸ್ಪತ್ರೆಯ ಬಿಳಿ ಬೆಳಕಿನಲ್ಲಿ ಅವನ ಮುಖ ಚೆನ್ನಾಗಿ ಕಾಣುತ್ತಿತ್ತು. ಎಡಗೆನ್ನೆ ನುಣ್ಣಗಿತ್ತು, ಬಲಗೆನ್ನೆಯ ತುಂಬ ಬಿಳಿ ಗಡ್ಡ. ಕಿವಿಯ ಹಿಂದೆ ಒಣಗಿದ ಸೋಪಿನ ನೊರೆ. ದೊಡ್ಡಪ್ಪ ಗಡ್ಡ ಮಾಡುವುದು ಮಗ್ಗ ಶುರು ಮಾಡುವ ಮೊದಲು, ರೇಡಿಯೋದ ಬೆಳಗಿನ ಸುದ್ದಿ ಕೇಳುತ್ತ. ನಾನು ಚಿಕ್ಕವಳಿದ್ದಾಗಿನಿಂದಲೂ ಅದೇ ಹೊತ್ತು, ಅದೇ ಕನ್ನಡಿ.

“ದೊಡ್ಡಮ್ಮ, ನಿಜ ಹೇಳು. ಎಷ್ಟೊತ್ತಿಗೆ?”

“ಹೇಳಿದ್ನಲ್ಲೇ...”

“ಗಡ್ಡ ಅರ್ಧಕ್ಕೇ ನಿಂತಿದೆ! ಒಂಬತ್ತು ಗಂಟೇಲಿ ಯಾರು ಗಡ್ಡ ಮಾಡ್ತಾರೆ ನಮ್ಮನೇಲಿ?”

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಹೇಳಿದವನು ನಂದಣ್ಣ.

“ಸುದ್ದಿ ಮುಗೀತಿತ್ತು ಕಣೆ. ಏಳೂಕಾಲು. ಕೈಯಿಂದ ರೇಜರ್ ಬಿತ್ತು. ಬಟ್ಟೆ ಹಾಕಿ ಹೊರಡ್ಸೋ ಹೊತ್ಗೆ ಏಳೂವರೆ ಆಗೋಯ್ತು.”

“ಆಮೇಲೆ?”

“ಸೋಮವಾರ ಅಲ್ವಾ,” ಎಂದಳು ದೊಡ್ಡಮ್ಮ. “ಏಳೂವರೆಯಿಂದ ಒಂಬತ್ತರವರೆಗೆ ರಾಹುಕಾಲ. ಅಷ್ಟೊಳ್ಳೆ ಮದ್ದು ಕೊಡ್ಸೋಕೆ ರಾಹುಕಾಲದಲ್ಲಿ ಹೊರಟ್ರೆ ಮೈಗೆ ಹತ್ತಲ್ಲ ಅಂತ... ದೇವ್ರ ಮುಂದೆ ಮಲಗ್ಸಿ, ದೀಪ ಹಚ್ಚಿ ಕಾದ್ವಿ. ನೀನು ಬಯ್ತೀಯ ಅಂತ ಒಂಬತ್ತು ಅಂದೆ.”

ನಾನು ಕೂಗಿದ ಕೂಗಿಗೆ ವಾರ್ಡಿನ ಬಾಗಿಲುಗಳೆಲ್ಲ ತೆರೆದವು. ಏನೆಂದು ಕೂಗಿದೆನೋ ನೆನಪಿಲ್ಲ. ಪಾರಿವಾಳ ಬೇಡವೆಂದು ಅಟ್ಟಿ, ರಾಹುವನ್ನು ಮಣೆ ಹಾಕಿ ಕೂರಿಸಿಕೊಂಡಿದ್ದೀರಲ್ಲ ಎಂದೇನೋ ಅಂದಿರಬೇಕು. ಕೂಗುತ್ತಲೇ ಡಾಕ್ಟರ ಬಳಿಗೆ ಓಡಿದೆ. ಏಳೂಕಾಲು ಎಂದು ಕೇಳಿದ್ದೇ ಅವಳು ಗೋಡೆಯ ಗಡಿಯಾರ ನೋಡಿದಳು. ಹನ್ನೊಂದೂ ಇಪ್ಪತ್ತು. ಹನ್ನೊಂದೂಮುಕ್ಕಾಲು ದಾಟಿದರೆ ಆ ಇಂಜೆಕ್ಷನ್ ಉಪಕಾರಕ್ಕಿಂತ ಅಪಾಯವೇ ಹೆಚ್ಚು. “ಮೊದಲೇ ಹೇಳೋದಲ್ವಾ!” ಎಂದು ಅವಳೂ ರೇಗಿದಳು. ಆಮೇಲೆ ನರ್ಸುಗಳು ಓಡಿದ ಸದ್ದು, ಬಿ.ಪಿ. ಯಂತ್ರದ ಸದ್ದು. ಅಂತೂ ಗಡುವು ಮೀರುವ ಮುಂಚೆ ಔಷಧಿ ಅವನ ರಕ್ತನಾಳಕ್ಕೆ ಹೋಯಿತು.

ದೊಡ್ಡಪ್ಪ ಉಳಿದ. ಮಾತು ಬಂತು, ಕೊಂಚ ತೊದಲು. ಕಾಲೂ ಬಂತು, ಕೊಂಚ ಎಳೆತ. ಬಲಗೈ ಬೆರಳು ಮಾತ್ರ ಬರಲಿಲ್ಲ. ಮಗ್ಗದಲ್ಲಿ ಕಡಿದ ಎಳೆಗೆ ಕಣ್ಣುಮುಚ್ಚಿ ಗಂಟು ಹಾಕುತ್ತಿದ್ದ ಬೆರಳುಗಳು ಈಗ ಲುಂಗಿಯ ಗಂಟನ್ನೂ ಹಾಕಲಾರವು.

ನೋಡಲು ಬಂದವರಿಗೆಲ್ಲ ಅವನು, “ನಮ್ ಮಾನಸನ ಮದ್ದು” ಎಂದು ತೊದಲುತ್ತಿದ್ದ. ನಾನು ಪ್ರತಿ ಸಲವೂ, “ನನ್ನ ಮದ್ದಲ್ಲ! ಬಾಯಿ ಸೊಟ್ಟಗಾದ್ರೆ ಸೀದಾ ಆಸ್ಪತ್ರೆಗೆ ಹೋಗಿ!” ಎಂದು ಕೂಗುತ್ತಿದ್ದೆ. ಬಂದವರು ತಲೆಯಾಡಿಸಿ, ಹೊರಡುವಾಗ ಮೆಲ್ಲಗೆ ನನ್ನ ನಂಬರ್ ಕೇಳುತ್ತಿದ್ದರು.

ಹೋದ ಭಾನುವಾರ ದೊಡ್ಡಪ್ಪ ತನ್ನ ಬಲಗೈಯನ್ನು ಎಡಗೈಯಲ್ಲಿ ಎತ್ತಿ ತೊಡೆಯ ಮೇಲಿಟ್ಟುಕೊಂಡು ಕೇಳಿದ.

“ನಿಮ್ ಇಲಿಗಳಿಗೆ ಕೈ ಬರ್ತದಾ?”

“ಕೆಲವಕ್ಕೆ ಬರುತ್ತೆ ದೊಡ್ಡಪ್ಪ. ಯಾವ ನಿಮಿಷಕ್ಕೆ ಲಕ್ವ ಹೊಡೀತು ಅಂತ ನಮಗೆ ಗೊತ್ತಿರುತ್ತಲ್ಲ. ಮದ್ದು ಪಕ್ಕದಲ್ಲೇ ಇರುತ್ತೆ. ಯಾರೂ ಕಾಯಲ್ಲ.”

“ಪುಣ್ಯ ಮಾಡಿದ್ವು. ಇಲಿಗೆ ರಾಹುಕಾಲ ಇಲ್ಲ ಬಿಡು” ಎಂದು ಅವನು ಅರ್ಧ ಬಾಯಲ್ಲಿ ನಕ್ಕ. ಎಳೆ ಹಿಡಿಯಲಾರದ ಅವನ ಬೆರಳುಗಳನ್ನು ನೋಡುತ್ತ ನನಗೆ ನಗಲಾಗಲಿಲ್ಲ.

ಅವನು ಮಲಗಿದ ಮೇಲೆ ದೊಡ್ಡಮ್ಮ ಅಡುಗೆಮನೆಯಿಂದ ಬಂದು ನನ್ನ ಎದುರು ಕೂತಳು. ಕರೆಂಟು ಹೋಗಿತ್ತು, ಮಗ್ಗಗಳೆಲ್ಲ ನಿಂತಿದ್ದವು. ಬೀದಿಯಲ್ಲೂ ಸದ್ದಿಲ್ಲ.

“ಅವತ್ತು ಬಿದ್ದ ತಕ್ಷಣ ಕರ್ಕೊಂಡ್ ಹೋಗಿದ್ರೆ,” ಎಂದಳು, “ಕೈ ಬರ್ತಿತ್ತೇನೆ?”

ನಮ್ಮ ಲ್ಯಾಬಿನ ಒಂದೊಂದು ಗ್ರಾಫೂ ನನ್ನ ಕಣ್ಣ ಮುಂದೆ ಬಂತು. ಹೊತ್ತು ಕಳೆದಷ್ಟೂ ಮಿದುಳಿನ ಕೋಶಗಳು ಸಾಯುತ್ತವೆ. ಕಾದ ಆ ಒಂದೂವರೆ ಗಂಟೆಯಲ್ಲಿ, ದೀಪದ ಮುಂದೆ ಮಲಗಿದ್ದವನ ತಲೆಯೊಳಗೆ ಆ ಬೆರಳುಗಳೇ ಸಾಯುತ್ತಿದ್ದಿರಬೇಕು. ಇಷ್ಟು ದಿನ ಇದನ್ನೇ ಕೂಗಿ ಹೇಳಬೇಕೆಂದು ನಾಲಿಗೆ ತುರಿಸುತ್ತಿತ್ತು.

“ಗೊತ್ತಿಲ್ಲ ದೊಡ್ಡಮ್ಮ,” ಎಂದೆ. “ಹೇಳೋಕ್ಕಾಗಲ್ಲ.”

ಅವಳು ನನ್ನ ಮುಖ ನೋಡಿದಳು.

“ಯಾವಾಗ್ಲೂ ಕೂಗಾಡೋಳು,” ಎಂದಳು, “ಇವತ್ಯಾಕೆ ಇಷ್ಟು ಮೆತ್ತಗೆ ಮಾತಾಡ್ತೀಯೇ?”